ನಮ್ಮಪ್ಪನ ಕುಕ್ಕರಗಾಲು

ಬಾಣಂತಿಯ ಹೊಟ್ಟೆಗೆ ಸುತ್ತುವ ಬಟ್ಟೆ ಕಳುವಾದದ್ದನ್ನು ಯಾರೂ ಕೇಳಿರಲಿಕ್ಕಿಲ್ಲ. ನನ್ನದು ಕಳುವಾಯಿತು. ಕೂಸಿಗೆ ಎರೆದು, ನನಗೂ ಎರೆದು, ಅವ್ವ ಗೂಟದತ್ತ ಕೈ ಚಾಚಿದರೆ ಗೂಟ ಬರಿದಾಗಿತ್ತು. ಅದೇನು ಹೊಸ ಬಟ್ಟೆಯಲ್ಲ. ಅವ್ವ ತನ್ನ ಹಳೆಯ ಸೀರೆಯನ್ನು ಉದ್ದಕ್ಕೆ ಸೀಳಿ, ಎರಡು ಪದರು ಮಾಡಿ, ಅಂಚು ಹೊಲಿದು ಇಟ್ಟದ್ದು. ಆದರೆ ಅದು ಲಡಾಯಿಯ ಕಾಲ. ಕಂಟ್ರೋಲ್ ಅಂಗಡಿಯಲ್ಲಿ ಮೊಳ ಅರಿವೆ ಬೇಕಾದರೂ ಸುರಪುರದ ತನಕ ಹೋಗಿ ಸಾಲಿನಲ್ಲಿ ನಿಲ್ಲಬೇಕು; ನಿಂತರೂ ಸಿಕ್ಕುತ್ತದೆಂಬ ಖಾತ್ರಿಯಿಲ್ಲ.

"ನಾಯಿ ಒಯ್ತೇನ?" ಎಂದು ಅವ್ವ ಹಿತ್ತಲಿಗೆ ಓಡಿದಳು. ನಾನು ಒದ್ದೆ ಮೈಯಲ್ಲೇ ಸೆರಗು ಬಿಗಿದುಕೊಂಡು ಪಡಸಾಲೆಯ ಬಾಗಿಲಿಗೆ ಬಂದು ನೋಡಿದೆ. ಬಟ್ಟೆ ತೊಲೆಯಿಂದ ಇಳಿಬಿದ್ದಿತ್ತು. ಅದರ ಎರಡೂ ತುದಿ ಹಿಡಿದು, ಕೂತೂ ಕೂರದೆ ನಿಂತೂ ನಿಲ್ಲದೆ, ಮುಖ ಕೆಂಪಗೆ ಮಾಡಿಕೊಂಡು ನಮ್ಮಪ್ಪ ಜೋತಾಡುತ್ತಿದ್ದ.

"ಒಳಗ ಹೋಗವ್ವ, ಗಾಳಿಗಿ ಬರಬ್ಯಾಡ," ಎಂದು ನನ್ನನ್ನೇ ಗದರಿದ.

"ಯಪ್ಪ, ಅದು ನನ್ನ ಹೊಟ್ಟಿ ಕಟ್ಟೋ ಅರಬಿ."

"ಗೊತ್ತೈತಿ. ಗಟ್ಟಿ ಐತಿ ಅಂತೇ ತಂದೀನಿ."

ನಮ್ಮಪ್ಪ ಅಂಬ್ರಪ್ಪ ಹೊಳೆ ದಾಟಿಸುವವನು. ತಿಂಥಣಿಯಿಂದ ಹೊಳೆಗುಂಟ ತುಸು ಕೆಳಗೆ ನಮ್ಮೂರು. ಆಚೆ ದಡದವರು ಕೆಂಭಾವಿ ಸಂತೆಗೆ ಬರಲಿ, ಸುರಪುರದ ಕಚೇರಿಗೆ ಬರಲಿ, ಅಪ್ಪನ ಹರಿಗೋಲಿನಲ್ಲೇ ಬರಬೇಕು. ಹರಿಗೋಲೆಂದರೆ ಬಿದಿರಿನಲ್ಲಿ ಹೆಣೆದು ಹೊರಗೆ ತೊಗಲು ಹೊದಿಸಿದ ದೊಡ್ಡ ಬುಟ್ಟಿ. ಅದರ ಮುಂದಿನ ಅಂಚಿಗೆ ಅಂಬಿಗ ಕುಕ್ಕರಗಾಲಿನಲ್ಲಿ ಕೂಡುತ್ತಾನೆ: ಎರಡೂ ಪಾದ ಪೂರಾ ಊರಿ, ಮೊಣಕಾಲು ಎದೆಗೆ ತಂದುಕೊಂಡು, ಕುಂಡಿ ನೆಲಕ್ಕೆ ತಾಗದ ಹಾಗೆ. ಹಾಗೆ ಕೂತು ಮುಂದಕ್ಕೆ ಬಾಗಿದರೇ ಕೈಯಲ್ಲಿನ ಹುಟ್ಟು ನೀರಿಗೆ ಎಟುಕುವುದು. ನಿಂತರೆ ಹರಿಗೋಲು ಹೊರಳುತ್ತದೆ. ಕಾಲು ಚಾಚಿ ಕೂತರೆ ಹುಟ್ಟು ಅಂಚಿಗೇ ಬಡಿಯುತ್ತದೆ. ಮೊಣಕಾಲೂರಿದರೆ ಬಿದಿರಿನ ಗೆಣ್ಣು ಒತ್ತಿ ಕಣ್ಣಲ್ಲಿ ನೀರು ಬರುತ್ತದೆ.

ಅಪ್ಪ ಬುದ್ಧಿ ಬಂದಾಗಿನಿಂದ ಹಾಗೆ ಕೂತವನು. ಮನೆಯಲ್ಲೂ ಅವನಿಗೆ ಮಣೆ ಬೇಡ, ಚಾಪೆ ಬೇಡ. ಉಣ್ಣುವುದು, ಬಲೆ ಹೆಣೆಯುವುದು, ಅವ್ವನ ಕೂಡ ಜಗಳವಾಡುವುದು ಎಲ್ಲ ಕುಕ್ಕರಗಾಲಿನಲ್ಲೇ. ನನ್ನ ಮದುವೆಯ ಮಾತಿಗೆ ಸುರಪುರದವರು ಬಂದಾಗ, ಎರವಲು ತಂದು ಜಮಖಾನೆ ಹಾಸಿದ್ದರೂ ಅದರ ಮೇಲೆ ಹಾಗೇ ಕೂತ. ಮಾತು ಮುಗಿಯುವ ತನಕ ನಮ್ಮ ಮಾವನವರು, "ಎದ್ದು ಹೊಂಟ್ರೇನ್ರಿ ಬೀಗರೇ? ಏನರ ತಪ್ಪಾತೇನ್ರಿ?" ಎಂದು ಕೇಳುತ್ತಲೇ ಇದ್ದರು.

ಆ ಹಿಂದಿನ ಚಳಿಗಾಲ ತಿಂಥಣಿಯ ಮೌನೇಶ್ವರನ ದರ್ಶನಕ್ಕೆ ಬಂದಿದ್ದ ಒಬ್ಬ ಗೋಸಾಯಿ, ನಮ್ಮ ದಡದ ಬಂಡೆಯ ಮೇಲೆ ದಿನಾ ಬೆಳಿಗ್ಗೆ ಆಸನ ಹಾಕುತ್ತಿದ್ದನಂತೆ. ಹರಿಗೋಲಿಗೆ ಜನ ಕೂಡುವ ತನಕ ಅಪ್ಪನಿಗೆ ಬೇರೆ ಕೆಲಸವಿಲ್ಲ; ಎದುರಿಗೆ ಕೂತು ನೋಡುವುದು. ಒಂದು ದಿನ ಗೋಸಾಯಿ ಕುಕ್ಕರಗಾಲಿನ ಆಸನ ಹಾಕಿ, ಉಸಿರು ಬಿಗಿಹಿಡಿದು, ಬಹಳ ಹೊತ್ತು ಕೂತು, ಕಾಲು ನಡುಗಿಸುತ್ತ ಎದ್ದ. ಎದ್ದು ನೋಡಿದರೆ ಎದುರಿಗೆ ಅಪ್ಪ ಅದೇ ಆಸನದಲ್ಲಿ ಕೂತು ಬೀಡಿ ಸೇದುತ್ತಿದ್ದಾನೆ. ಗೋಸಾಯಿ ಅವನಿಗೆ ಕೈಮುಗಿದನಂತೆ. "ನೀ ಹುಟ್ಟಿದಾಗಿಂದ ಜೋಗಿ," ಎಂದನಂತೆ. ಈ ಮಾತನ್ನು ಅಪ್ಪ ಹರಿಗೋಲು ಹತ್ತಿದವರಿಗೆಲ್ಲ ಹೇಳಿದ. ಅವ್ವ ಮಾತ್ರ, "ಜೋಗಿ ಆದ್ರ ಬೀಡಿ ಬಿಡಲಿ," ಎಂದಳು.

ಶಿವರಾತ್ರಿ ಕಳೆದ ಮೇಲೆ, ಹೊಸ ತೊಗಲು ಹೊದಿಸಿದ ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತುಕೊಂಡು ಬಂಡೆ ಇಳಿಯುವಾಗ ಅಪ್ಪ ಜಾರಿ ಬಿದ್ದ. ಬಲಗಾಲು ಮೈಯಡಿಗೆ ಸಿಕ್ಕಿತು, ಮೈಯ ಮೇಲೆ ಹರಿಗೋಲು. ಎಲುಬು ಮುರಿದಿರಲಿಲ್ಲ. ಉಳುಕು ತೆಗೆಯುವವನು ಎಳೆದು, ಮೊಟ್ಟೆಯ ಲೇಪ ಹಚ್ಚಿ, ಬಿದಿರು ದಬ್ಬೆ ಕಟ್ಟಿ ಹೋದ. ದಬ್ಬೆ ಬಿಚ್ಚಿದಾಗ ಅದು ನಡೆಯುವ ಕಾಲಾಗಿತ್ತು, ಕೂರುವ ಕಾಲಾಗಿರಲಿಲ್ಲ. ತೊಡೆಯ ಸಂದು ಹಿಡಿದುಕೊಂಡಿತ್ತು. ಹಿಮ್ಮಡಿ ನೆಲಕ್ಕೆ ಊರುತ್ತಿರಲಿಲ್ಲ. ಕುಕ್ಕರಗಾಲು ಹಾಕಿದರೆ ಅಪ್ಪ ಹೊಟ್ಟು ತುಂಬಿದ ಚೀಲದ ಹಾಗೆ ಹಿಂದಕ್ಕೆ ಉರುಳುತ್ತಿದ್ದ.

ಇದರಲ್ಲಿ ದೊಡ್ಡ ಸಂಕಟ ಹೊಸ ನೀರಿನದು. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಮುಂಗಾರಿನಲ್ಲಿ ಹೊಳೆಗೆ ಮೊದಲ ಕೆಂಪು ನೀರು ಬಂದ ದಿನ, ಜನ ದಾಟುವ ಮೊದಲು, ಅಂಬಿಗ ತನ್ನ ಹೆಂಡತಿಯನ್ನು ಕೂರಿಸಿಕೊಂಡು ನಡುಹೊಳೆಗೆ ಹೋಗಬೇಕು. ಅವಳು ಗಂಗೆಗೆ ಉಡಿ ತುಂಬಬೇಕು. ಆಮೇಲೆ ಆಚೆ ದಡ ಮುಟ್ಟಿ ಬರಬೇಕು. ಅಂದು ಹುಟ್ಟು ಹಾಕಿದವನದೇ ಆ ವರ್ಷದ ದಡ. ಮುಂದಿನ ಹೊಸ ನೀರಿನ ತನಕ ಅವನು ಒಪ್ಪದೆ ಅವನ ಜಾಗದಲ್ಲಿ ಇನ್ನೊಬ್ಬ ಕೂರುವಂತಿಲ್ಲ. ಅಪ್ಪನಿಗೆ ಕೂರಲು ಬರದಿದ್ದರೆ ಚಿಕ್ಕಪ್ಪ ಮಾನಪ್ಪ ಹೋಗಬೇಕು. ಚಿಕ್ಕಪ್ಪ ಕೆಟ್ಟವನಲ್ಲ. ಬೇಸಿಗೆಯೆಲ್ಲ ಅಪ್ಪನ ಪರವಾಗಿ ಅವನೇ ದಾಟಿಸುತ್ತಿದ್ದ, ಸಂಜೆಗೆ ಮೀನು ತಂದು ಕೊಟ್ಟು, "ಕಾಲು ಬರೋತನಾ ನೀ ಸುಮ್ಕ ಮನ್ಯಾಗ ಕುಂದ್ರಣ್ಣ," ಎಂದು ಹೇಳಿ ಹೋಗುತ್ತಿದ್ದ.

"ಕುಂದ್ರಾಕ ಬಂದ್ರ ಮನ್ಯಾಗ ಯಾಕ ಕುಂದ್ರಲಿ?" ಎಂದು ಅಪ್ಪ ಅವನು ಹೋದ ಮೇಲೆ ಗೋಡೆಗೆ ಹೇಳುತ್ತಿದ್ದ.

ಶ್ರೀಶೈಲಕ್ಕೆ ಹೊರಟ ಅದೇ ಗೋಸಾಯಿ ಹೊಳೆ ದಾಟಲು ಬಂದಾಗ ಅಪ್ಪನ ಕಾಲು ನೋಡಿ, ಹೋದದ್ದು ಆಸನದಿಂದಲೇ ಬರುತ್ತದೆ, ದಿನಾ ಮಾಡು ಎಂದನಂತೆ. ಹಾಗೆಂದು ಸುಮ್ಮನೆ ಹೋಗಿದ್ದರೆ ಆಗುತ್ತಿತ್ತು. ಹರಿಗೋಲು ಹತ್ತಿದ ಮೇಲೆ ತಿರುಗಿ, "ಸಹಾರಾ ಮತ್ ಲೇ," ಎಂದೂ ಕೂಗಿದ. ಆಸರೆ ತಗೋಬೇಡ. ಗೋಸಾಯಿ ಯಾವ ಆಸರೆಯ ಮಾತು ಹೇಳಿದನೋ, ಬೀಡಿಯದೋ, ಸೇಂದಿಯದೋ, ಅವನಿಗೇ ಗೊತ್ತು. ಅಪ್ಪ ಮಾತ್ರ ಅದನ್ನು ವ್ರತದ ಹಾಗೆ ಹಿಡಿದ.

ನಾನು ಹೆರಿಗೆಗೆಂದು ಸುರಪುರದಿಂದ ತವರಿಗೆ ಬಂದದ್ದು ಚೈತ್ರದಲ್ಲಿ. ನನ್ನ ಗಂಡ ಅಲ್ಲಿ ಸಣ್ಣ ಹುಡುಗರಿಗೆ ಕಲಿಸುತ್ತಾರೆ; ನನಗೂ ಅಕ್ಷರ ಕಲಿಸಿದವರು ಅವರೇ. ದಿನದ ಸಂಗತಿ ಸಂಜೆಗೆ ನಾಲ್ಕು ಸಾಲು ಬರೆದಿಡುವ ಚಟ ಅಂದಿನಿಂದ ಹತ್ತಿತು. ಆ ಬೇಸಿಗೆ ಬರೆಯಲು ಎರಡೇ ಸಂಗತಿ ಇದ್ದವು: ಕೂಸು ಮಲಗಿತು, ಅಪ್ಪ ಬಿದ್ದ. ಬೆಳಿಗ್ಗೆ ಕೂಸಿಗೆ ಹಾಲು ಕುಡಿಸಿ, ಬೆನ್ನು ತಟ್ಟಿ, ತೊಟ್ಟಿಲಿಗೆ ಹಾಕಿ ಉಸಿರು ಬಿಡುವುದರೊಳಗೆ ಪಡಸಾಲೆಯಿಂದ ಧಪ್ ಎಂಬ ಸದ್ದು. ಕೂಸು ಚೀರುವುದು. ಅಪ್ಪ ಬಿದ್ದಲ್ಲಿಂದಲೇ, "ಕೂಸಿಗಿ ಏನಾತವ್ವ?" ಎಂದು ಕೇಳುವುದು. ನನಗೆ ಬಾಗುವಂತಿಲ್ಲ, ಭಾರ ಎತ್ತುವಂತಿಲ್ಲ, ಹೊಸ್ತಿಲು ದಾಟುವಂತಿಲ್ಲ. ಒಳಗೆ ಕೂತು ಆ ಸದ್ದು ಕೇಳುವುದೇ ನನ್ನ ಪಾಲಿನ ಕೆಲಸ.

ಒಂದು ದಿನ ತಡೆಯಲಾಗದೆ ಕೇಳಿದೆ. "ಯಪ್ಪ, ಆ ಗೋಸಾಯಿ ಜಪಕ್ಕ ಕುಂತಾಗ ಬಗಲಾಗ ಏನೋ ಇಟ್ಕೊಂತಿದ್ದ ಅಂದಿದ್ದೆಲ್ಲ?"

"ಯೋಗದಂಡ."

"ಯಾತಕ್ಕ ಅದು?"

"ಅದಕ್ಕ ಬಗಲ ಕೊಟ್ಟು ಕುಂತ್ರ ನಡು ನೆಟ್ಟಗಿರ್ತೈತಿ."

"ಅದು ಸಹಾರಾ ಅಲ್ಲೇನು?"

ಅಪ್ಪ ಬೀಡಿಯ ಬೂದಿ ಕೊಡವಿದ. "ಅದು ಕಟ್ಟಿಗಿ," ಎಂದ.

ನಾನು ತೊಟ್ಟಿಲು ತೂಗಲು ಹೋದೆ. ಆದರೆ ಮಾತು ಅವನೊಳಗೆ ಇಳಿದಿತ್ತು. ಅದಾದ ಕೆಲವೇ ದಿನಕ್ಕೆ ನನ್ನ ಬಟ್ಟೆ ಗೂಟದಿಂದ ತೊಲೆಗೆ ಹೋದದ್ದು.

ವ್ರತ ಮುರಿದ ಮೇಲೆ ಅಪ್ಪನಿಗೆ ಆಸರೆಯ ಹುಚ್ಚೇ ಹಿಡಿಯಿತು. ನಾನೂ ಸುಮ್ಮನಿರಲಿಲ್ಲ. ಬಾಗಿಲಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತು, ಒಂದೊಂದೇ ಉಪಾಯ ಹೇಳುತ್ತಿದ್ದೆ. ಹಿಮ್ಮಡಿ ಊರುವುದಿಲ್ಲವೇ? ಕೌದಿ ಮಡಚಿ ಹಿಮ್ಮಡಿಯ ಕೆಳಗೆ ಇಡು. ಪೂರಾ ಕೆಳಗಿಳಿಯಲು ಬರುವುದಿಲ್ಲವೇ? ಕುಂಡಿಯ ಕೆಳಗೆ ಮಣೆ ಇಡು, ಮಣೆಯ ಮೇಲೆ ಇನ್ನೊಂದು ಕೌದಿ. ದಿನ ಹೋದ ಹಾಗೆ ಒಂದೊಂದು ಮಡಿಕೆ ಕಡಿಮೆ ಮಾಡೋಣ. ಹಿಂದಕ್ಕೆ ಬೀಳುತ್ತೀಯಾ? ಗೋಡೆಗೆ ಬೆನ್ನು ಹಚ್ಚು. ತೊಡೆಯ ಸಂದು ಸಡಿಲಾಗಲೆಂದು ಅಂಗಾತ ಮಲಗಿಸಿ, ಪಾದಕ್ಕೆ ನನ್ನ ಬಟ್ಟೆ ಹಾಕಿ, ಅವನ ಕೈಯಿಂದಲೇ ಕಾಲನ್ನು ಮೇಲಕ್ಕೆ ಎಳೆಸುತ್ತಿದ್ದೆ. ಆ ಹೊತ್ತಿಗೆ ಅವನು ಬೈಯದ ದೇವರಿರಲಿಲ್ಲ. ಕೂಸು ಆ ಎತ್ತಿದ ಕಾಲನ್ನೇ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿತ್ತು.

ಬಟ್ಟೆ ಒಂದು, ಕೇಳುವವರು ಇಬ್ಬರು. ಅವನ ಆಸನ ಮುಗಿದ ಮೇಲೆ ನನ್ನ ಹೊಟ್ಟೆಗೆ. ಅಷ್ಟು ಹೊತ್ತಿಗೆ ಅದು ಎಣ್ಣೆ, ಬೆವರು, ಬೀಡಿಯ ವಾಸನೆ ಹಿಡಿದು, ಉದ್ದಕ್ಕೆ ಜಗ್ಗಿ, ಸುತ್ತಿದರೆ ನಿಲ್ಲುತ್ತಿರಲಿಲ್ಲ. ಅವ್ವ ಅಪ್ಪನೊಡನೆ ನೇರ ಮಾತಾಡುವವಳಲ್ಲ. ಅವನು ಎದುರಿಗಿದ್ದರೂ ನನ್ನ ಮುಖಾಂತರವೇ ಹೇಳುವಳು.

"ಮೌನವ್ವ, ನಿಮ್ಮಪ್ಪಗ ಹೇಳು. ಈ ಮನ್ಯಾಗ ಬಾಣಂತಿ ಯಾರು ಅಂತ ಒಮ್ಮಿ ತೀರ್ಮಾನ ಆಗ್ಲಿ. ಅವನೇ ಆದ್ರ ಅವನಿಗೇ ಸುತ್ತತೀನಿ, ಕೊಬ್ರಿ ಖಾರನೂ ಅವನಿಗೇ ಹಾಕ್ತೀನಿ."

"ನಿಮ್ಮವ್ವಗ ಹೇಳು, ಖಾರ ಬ್ಯಾಡ. ಕೊಬ್ರಿ ಹಾಕಂತ."

ಗೋಡೆಗೆ ಬೆನ್ನು ಹಚ್ಚಿ, ಹಿಮ್ಮಡಿಗೆ ಕೌದಿ ಕೊಟ್ಟು ಅಪ್ಪ ಮೊದಲ ಸಲ ಪೂರಾ ಕುಕ್ಕರಗಾಲು ಹಾಕಿದ. ಅವನು ಕೈ ಮುಂದೆ ಚಾಚಿ, ಇಲ್ಲದ ಹುಟ್ಟನ್ನು ಹಿಡಿದು, ಇಲ್ಲದ ನೀರನ್ನು ಎಳೆದ. ಅವ್ವ ಒಲೆಯ ಮುಂದೆ ಹೋಗಿ ಕೂತಳು, ಅಳುತ್ತಿದ್ದಳೋ ಹೊಗೆಯೋ. ಆದರೆ ಸಿಟ್ಟು ಬರುವ ಸಂಗತಿ ಇರುವುದೇ ಇಲ್ಲಿ. ಆಸರೆ ಇದ್ದಾಗ ಎಲ್ಲ ಬರುತ್ತಿತ್ತು, ತೆಗೆದರೆ ಏನೂ ಬರುತ್ತಿರಲಿಲ್ಲ. ಗೋಡೆಯಿಂದ ಗೇಣು ಈಚೆ ಬಂದರೆ ಧಪ್. ಕೌದಿಯ ಒಂದು ಮಡಿಕೆ ತೆಗೆದರೆ ಧಪ್. ಎರಡು ದಿನ ಮುಂದೆ ಹೋದರೆ ಮೂರನೆಯ ದಿನ ಸಂದು ಬಾತು ಹಾಸಿಗೆ ಹಿಡಿಯುವನು, ಮತ್ತೆ ಮೊದಲಿನಿಂದ. ನಾನು ಹೇಳಿದ ಹಾಗೆ ಮಾಡುವನು, ಬಿದ್ದಾಗ ನನಗೇ ಬೈಯುವನು. "ನಿನ್ನ ಕೌದಿನೇ ಸೊಟ್ಟ ಐತಿ," ಎನ್ನುವನು. ನನಗೂ ರೇಗಿ, "ಹೌದು, ಕೌದಿದೇ ತಪ್ಪು, ಗ್ವಾಡಿದೇ ತಪ್ಪು," ಎಂದು ಕೂಸನ್ನೆತ್ತಿಕೊಂಡು ಒಳಗೆ ಹೋಗುವೆನು. ಮರುದಿನ ಮತ್ತೆ ಬಾಗಿಲಲ್ಲಿ ಬಂದು ಕೂರುವೆನು.

ಗೋಡೆಗೆ ಸುಣ್ಣ ಬಳಿದಿತ್ತು. ಅಪ್ಪನ ಬೆನ್ನು ಸದಾ ಬೆಳ್ಳಗೆ. ಆಚೆ ದಡದ ಬಳೆಗಾರ್ತಿ ಚಮನಬೀ ವಾರಕ್ಕೊಮ್ಮೆ ಹೊಳೆ ದಾಟಿ ಸಂತೆಗೆ ಹೋಗುವವಳು, ದಾರಿಯಲ್ಲಿ ನಮ್ಮ ಮನೆಯಲ್ಲಿ ನೀರು ಕುಡಿಯದೆ ಹೋಗಳು. ಒಂದು ದಿನ ಬಳೆಯ ಮಲಾರ ಇಳಿಸಿ ನಿಂತು ಅವನ ಬೆನ್ನು ನೋಡಿದಳು.

"ಕ್ಯಾ ಅಂಬ್ರಪ್ಪಣ್ಣ, ಬೆನ್ನಿಗಿ ಬಣ್ಣ ಬಳ್ಕೊಂಡೀದಿ? ಮೊಹರಮ್ಮಿಗಿ ಹುಲಿ ಆಗಾಂವೇನು?"

"ಹುಲಿನೇ ಇದ್ದೆ ತಂಗಿ. ಕಾಲು ಹೋತು."

"ಕಾಲಿಲ್ಲದ ಹುಲಿ ಕುಣ್ಯೋದು ನೋಡಾಕ ಮಂದಿ ಭಾಳ ಬರ್ತಾರ ಬಿಡು. ಸುಗಲವ್ವ, ಆಟಕ್ಕ ಟಿಕೇಟ ಇಡು!" ಎಂದು ಅವ್ವನತ್ತ ತಿರುಗಿದಳು.

ಅವ್ವ ನಕ್ಕಳು. ಅಪ್ಪ ನಗಲಿಲ್ಲ. ಮರುದಿನವೇ ಹರಿಗೋಲಿನಲ್ಲಿ ಕೂತು ನೋಡುತ್ತೇನೆಂದು ಹೊರಟ. ಕೌದಿ ಬಗಲಲ್ಲಿ, ಮಣೆ ತಲೆಯ ಮೇಲೆ. ಅಷ್ಟು ಹೊತ್ತಿಗೆ ನನಗೆ ಹೊಸ್ತಿಲು ದಾಟಲು ಅಪ್ಪಣೆ ಸಿಕ್ಕಿತ್ತು. ತಲೆಗೆ ಅರಿವೆ ಕಟ್ಟಿಕೊಂಡು, ಕೂಸನ್ನು ಅವ್ವನ ಹತ್ತಿರ ಬಿಟ್ಟು ನಾನೂ ದಡಕ್ಕೆ ಹೋದೆ.

ಹರಿಗೋಲು ದಡದಲ್ಲೇ ತೇಲುತ್ತಿತ್ತು. ಅಪ್ಪ ಮಣೆಯನ್ನು ಒಳಗಿಡಲು ಹೋದ.

"ಅಣ್ಣಾ!" ಎಂದು ಚಿಕ್ಕಪ್ಪ ಕೂಗಿದ. "ತೊಗಲಿನ ಮ್ಯಾಲ ಮಣಿ ಇಡ್ತಿಯೇನು?"

ಅಪ್ಪನ ಕೈ ಅಲ್ಲೇ ನಿಂತಿತು. ಮಣೆಯ ನಾಲ್ಕು ಕಾಲು ಕಟ್ಟಿಗೆಯವು. ಬಿದಿರಿನ ಸಂದಿಯಲ್ಲಿ ಒಂದು ಕಾಲು ಇಳಿದರೆ ತೊಗಲು ತೂತು. ಪೆಟ್ಟಿಗೆ ತಂದ ಕಚೇರಿಯ ಅಮೀನಸಾಹೇಬರನ್ನೂ ಅಪ್ಪ ಗೋಣಿತಟ್ಟು ಹಾಸದೆ ಹತ್ತಿಸಿದವನಲ್ಲ. ಅಂಥವನು ಬೇಸಿಗೆಯೆಲ್ಲ ಮಣೆಯ ಮೇಲೆ ಅಭ್ಯಾಸ ಮಾಡಿ, ಮಣೆ ಹೊತ್ತುಕೊಂಡೇ ಬಂದಿದ್ದ. ನಾನು ಮಾಸ್ತರರ ಹೆಂಡತಿ, ಅಷ್ಟು ಉಪಾಯ ಹೇಳಿದವಳು. ಹರಿಗೋಲಿಗೆ ಗೋಡೆ ಇರುವುದಿಲ್ಲ, ತೊಲೆ ಇರುವುದಿಲ್ಲ ಎಂಬುದು ಅಲ್ಲಿ ನಿಂತಾಗ ನನಗೂ ಹೊಳೆಯಿತು. ಹೊಳೆಯ ದಂಡೆಯಲ್ಲಿ ಹುಟ್ಟಿದವರು ನಾವಿಬ್ಬರೂ.

"ನಡಕ್ಕೂ ಮೊಣಕಾಲಿಗೂ ಸೇರಿಸಿ ಅರಬಿ ಕಟ್ಟಿದ್ರ ಹಿಂದ ಬೀಳಂಗಿಲ್ಲ ಯಪ್ಪ," ಎಂದು ಮೆಲ್ಲಗೆ ಹೇಳಿದೆ.

"ನೀರಿನ್ಯಾಗ ಮೈಗಿ ಗಂಟು ಹಾಕ್ಕೊಳಾಂವ ಅಂಬಿಗ ಅಲ್ಲ, ಹೆಣ," ಎಂದ. ಅದೂ ನಿಜವೇ. ಅವನು ಹರಿಗೋಲು ಹತ್ತುವ ಮೊದಲು ರುಮಾಲಿನ ಗಂಟನ್ನೂ ಬಿಚ್ಚಿ ಸುಮ್ಮನೆ ಸುತ್ತಿಕೊಳ್ಳುವವನು.

ಕೌದಿಯೊಂದನ್ನೇ ಇಟ್ಟು ಕೂತ. ಹುಟ್ಟು ಒಮ್ಮೆ ಎಳೆದ. ಹರಿಗೋಲು ತಿರುಗಿತು, ಅಪ್ಪ ಹಿಂದಕ್ಕೆ ಬಿದ್ದ, ಒಂದು ಅಂಚು ತಗ್ಗಿ ನೀರು ಒಳನುಗ್ಗಿತು. ನೀರು ಮೊಣಕಾಲುದ್ದವೂ ಇರಲಿಲ್ಲ. ಅರಿವೆ ಒಗೆಯುತ್ತಿದ್ದ ಹೆಂಗಸರು ನಗದಂತೆ ಮುಖ ತಿರುಗಿಸಿದರು. ಅದು ನಕ್ಕದ್ದಕ್ಕಿಂತ ಕೆಟ್ಟದ್ದಾಗಿತ್ತು. ಅಪ್ಪ ತೊಯ್ದ ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ. ತೊಲೆಯಿಂದ ನನ್ನ ಬಟ್ಟೆ ಬಿಚ್ಚಿ, ಮಡಚಿ, ಗೂಟಕ್ಕೆ ಹಾಕಿದ.

"ತಗೋ ನಿನ್ನ ಅರಬಿ. ಮಾನಪ್ಪಗ ಹೇಳು, ಹೊಸ ನೀರಿಗಿ ಅವನೇ ಹೋಗ್ಲಿ."

ಆ ಬಟ್ಟೆ ಮರಳಿ ಬಂದದ್ದಕ್ಕೆ ಅಷ್ಟು ದುಃಖವಾಗುತ್ತದೆಂದು ನಾನು ಎಣಿಸಿರಲಿಲ್ಲ. ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು: "ನಿಮ್ಮಪ್ಪಗ ಹೇಳು. ಗಂಗವ್ವನ ಉಡಿಗಿ ಖಣ ತಗದಿಟ್ಟೀನಿ. ನಿನ್ನ ಬಸಿರಿನ ಕುಬುಸದ ಕಾರ್ಯದಾಗ ಬಂದದ್ದು. ಇಂಥಾ ದಿನದಾಗ ಎಲ್ಲೂ ಸಿಗಲಾರದ್ದು. ಅದನ್ನ ನಾ ಇನ್ನೊಬ್ರ ಕೈಯಾಗ ಕೊಡಂಗಿಲ್ಲ."

ನಾಲ್ಕಾರು ದಿನ ಆಸನವೂ ಇಲ್ಲ, ಬೈಗುಳವೂ ಇಲ್ಲ. ಕೂಸು ಬೆಳಿಗ್ಗೆ ಸದ್ದಿಲ್ಲದೆ ಮಲಗಿತು. ನನಗೇ ನಿದ್ದೆ ಹತ್ತಲಿಲ್ಲ.

ಮಳೆಗೆ ಮೊದಲು ಅವ್ವ ಪಡಸಾಲೆಯ ಗೋಡೆಯನ್ನು ಮತ್ತೆ ಸುಣ್ಣ ಬಳಿದು ಚೊಕ್ಕ ಮಾಡಿದಳು. ಗೋಡೆ ಹಸಿಯಾಗಿತ್ತು, ಯಾರೂ ಆತುಕೊಳ್ಳಬಾರದೆಂದು ಕೂಗಿ ಹೇಳಿ, ಪಡಸಾಲೆಯ ನಡುವೆ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಳು. ಅಪ್ಪ ಹೊರಗಿನಿಂದ ಬಂದವನು ಬೀಡಿಯ ಕಟ್ಟು ಹುಡುಕುತ್ತ, ಗೋಡೆಯತ್ತ ಹೋಗಿ, ಸುಣ್ಣ ನೆನಪಾಗಿ ಈಚೆ ಬಂದು, ಅಭ್ಯಾಸಬಲದಿಂದ ಅಲ್ಲೇ ಇದ್ದ ಕೌದಿಯ ಮೇಲೆ ಹಿಮ್ಮಡಿ ಊರಿ ಕುಕ್ಕರಗಾಲಿನಲ್ಲಿ ಇಳಿದ. ಬೆನ್ನು ತಾನಾಗಿ ಆಸರೆ ಹುಡುಕಿತು. ಸಿಕ್ಕದ್ದು ಅವ್ವನ ಬೆನ್ನು.

ಅವ್ವನಿಗೆ ಮೊರದ ಮೇಲೆ ಕಣ್ಣು, ಅಪ್ಪನಿಗೆ ಬೀಡಿಯ ಮೇಲೆ. ಅವಳು ಕೇರುವಾಗ ಮೈ ಅತ್ತಿತ್ತ ಹೊಯ್ದಾಡುತ್ತಿತ್ತು. ಅದರ ಜೊತೆಗೆ ಅವನೂ ಹೊಯ್ದಾಡುತ್ತಿದ್ದ. ಅವಳು ಎಡಕ್ಕೆ ವಾಲಿದರೆ ಅವನೂ ವಾಲಿ, ಮತ್ತೆ ಸರಿಯಾಗಿ, ಬೀಳದೆ ಕೂತಿದ್ದ. ಗೋಡೆ ಹಾಗೆ ಮಾಡುವುದಿಲ್ಲ.

"ಯಪ್ಪ, ಬಿದ್ದಿಲ್ಲ ನೋಡು!" ಎಂದು ಕೂಗಿಬಿಟ್ಟೆ.

ಇಬ್ಬರೂ ಕೆಂಡ ಮುಟ್ಟಿದವರಂತೆ ದೂರ ಸರಿದರು. ಧಪ್. ಜೋಳ ಮನೆತುಂಬ ಚೆಲ್ಲಿತು.

"ಹರಗೋಲಿನ್ಯಾಗ ಅವ್ವ ಹೆಂಗೂ ಇರ್ತಾಳಲ್ಲ," ಎಂದೆ. "ಹಿಂದ ಕುಂದ್ರಲಿ. ಬೆನ್ನಿಗಿ ಬೆನ್ನು ಕೊಡಲಿ. ಹರಗೋಲು ಹೊಳ್ಳಿದ್ರ ಆಕಿನೂ ಹೊಳ್ತಾಳ."

"ಊರಂತ ಊರೇ ದಡದ ಮ್ಯಾಲ ನಿಂತಿರ್ತೈತಿ," ಎಂದ ಅಪ್ಪ. "ಹೆಂಡ್ತಿಗಿ ಆತ್ಕೊಂಡು ಹುಟ್ಟು ಹಾಕಲೇನು? ತಲಿ ಐತಿಲ್ಲ ನಿನಗ?"

"ನಿಮ್ಮಪ್ಪಗ ಹೇಳು, ನನ್ನ ಬೆನ್ನು ಗ್ವಾಡಿ ಅಲ್ಲ," ಎಂದಳು ಅವ್ವ, ಜೋಳ ಬಳಿಯುತ್ತ. ಅವಳ ಕಿವಿ ಕೆಂಪಾಗಿತ್ತು.

ಮುಗಿಯಿತು. ನಾನು ಎಷ್ಟು ಹೇಳಿದರೂ ಇಬ್ಬರೂ ಆ ಮಾತೆತ್ತಲು ಬಿಡಲಿಲ್ಲ. ಮಣೆ, ಕೌದಿ, ತೊಲೆ, ಗೋಡೆ ಎಲ್ಲಕ್ಕೂ ನಾಚದ ಮನುಷ್ಯ ತನ್ನ ಹೆಂಡತಿಯ ಬೆನ್ನಿಗೆ ನಾಚಿದ. ಆ ಸಂಜೆ ನಾನು ಬರೆದದ್ದನ್ನು ಇಲ್ಲಿ ಹೇಳುವಂತಿಲ್ಲ. ಹೆತ್ತವರ ಬಗ್ಗೆ ಹಾಗೆ ಬರೆಯಬಾರದು.

ಹೊಸ ನೀರು ಬಂದದ್ದು ಬೆಳಗಿನ ಹೊತ್ತು. ಹೊಳೆಯ ವಾಸನೆಯೇ ಬದಲಾಗಿತ್ತು. ಬಂಡೆಗಳ ನಡುವೆ ಕೆಂಪು ನೀರು ನೊರೆ, ಕಸ, ಟೊಂಗೆ ಹೊತ್ತು ಇಳಿಯುತ್ತಿತ್ತು. ಊರೆಲ್ಲ ದಡದಲ್ಲಿ. ನಾನು ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು ನಿಂತಿದ್ದೆ. ಚಿಕ್ಕಪ್ಪ ಹುಟ್ಟನ್ನು ತೊಳೆದು, ಕುಂಕುಮ ಹಚ್ಚಿ, ಎರಡೂ ಕೈಯಲ್ಲಿ ಹಿಡಿದು ಅಪ್ಪನ ಕಡೆ ನೋಡಿದ. ಅವನ ಹೆಂಡತಿ ತಲೆತುಂಬ ಸೆರಗು ಹೊದ್ದು ಹಿಂದೆ ನಿಂತಿದ್ದಳು. ಹೋಗಬೇಕಾದರೆ ಹೋಗಬೇಕಲ್ಲ ಎಂದು.

ಅಪ್ಪ ನೀರನ್ನೇ ನೋಡುತ್ತಿದ್ದ.

ಯಾರೂ ಏನೂ ಅನ್ನುವ ಮೊದಲೇ ಅವ್ವ ಉಡಿಯ ಬುಟ್ಟಿ ಹಿಡಿದು, ಸೀರೆ ಮೊಣಕಾಲಿಗೆ ಎತ್ತಿ, ನೀರಿಗಿಳಿದು ಹರಿಗೋಲು ಹತ್ತಿದಳು. ಪ್ರತಿ ವರ್ಷ ಅಂಬಿಗನ ಎದುರಿಗೆ ಕೂಡುವವಳು, ಅಂದು ಅಂಬಿಗನ ಜಾಗಕ್ಕೆ ಬೆನ್ನು ಹಾಕಿ ಗಟ್ಟಿಯಾಗಿ ಕೂತಳು. ಕೌದಿಯನ್ನು ಆಗಲೇ ಮಡಚಿ ಹಿಂದೆ ಇಟ್ಟಿದ್ದಳು.

"ಮೌನವ್ವ," ಎಂದು ಅಲ್ಲಿಂದಲೇ ಕೂಗಿದಳು, "ನಿಮ್ಮಪ್ಪಗ ಹೇಳು. ಬರೋದಿದ್ರ ಬರಲಿ. ಗಂಗವ್ವ ಮಂದಿ ಮಾರಿ ನೋಡಿ ನಿಲ್ಲಂಗಿಲ್ಲ."

ಅಪ್ಪ ಚಿಕ್ಕಪ್ಪನ ಕೈಯಿಂದ ಹುಟ್ಟು ತಗೊಂಡ. ಹರಿಗೋಲು ಹತ್ತಿದ. ಮೆಲ್ಲಗೆ, ಕೌದಿಯ ಮೇಲೆ ಹಿಮ್ಮಡಿ ಊರಿ ಇಳಿದ. ಬೆನ್ನು ಬೆನ್ನಿಗೆ ತಾಗಿದಾಗ ದಡದಲ್ಲಿ ಒಂದು ಗುಸುಗುಸು ಎದ್ದಿತು. ಆಚೆ ದಡಕ್ಕೆ ಹೋಗಲು ಕಾದಿದ್ದ ಚಮನಬೀ ಗಲ್ಲಕ್ಕೆ ಬೆರಳಿಟ್ಟು, "ಯಾ ಅಲ್ಲಾ, ಈ ವಯಸ್ಸಿನಾಗ!" ಎಂದಳು. ಜನ ನಕ್ಕರು. ಅಪ್ಪ ನೀರು ಎಳೆದ. ಹರಿಗೋಲು ಹೊರಟಿತು.

ತಿರುಗುತ್ತ ಹೋಯಿತು, ಹರಿಗೋಲು ಹೋಗುವುದೇ ಹಾಗೆ. ಒಮ್ಮೆ ಅಪ್ಪನ ಮುಖ ನಮಗೆ, ಒಮ್ಮೆ ಅವ್ವನ ಮುಖ. ಅವನು ಹುಟ್ಟು ಎಳೆಯಲು ಮುಂದೆ ಬಾಗಿದಾಗ ಅವಳು ಹಿಂದೆ ವಾಲುವಳು, ಅವನು ಹಿಂದೆ ಬಂದಾಗ ಅವಳು ತಡೆಯುವಳು. ಹಾಗೇ ನಡುಹೊಳೆಯ ತನಕ ಹೋದರು.

ಅಲ್ಲಿಗೆ ಮುಟ್ಟಿದಾಗಲೇ ನನಗೆ ಹೊಳೆದದ್ದು. ಗಂಗೆಗೆ ಉಡಿ ತುಂಬಲು ಅವ್ವ ನೀರಿಗೆ ಬಾಗಬೇಕು. ಅವಳು ಬಾಗಿದರೆ ಅಪ್ಪನ ಹಿಂದೆ ಏನೂ ಇಲ್ಲ. ಇದನ್ನೂ ನಾವು ಯಾರೂ ಯೋಚಿಸಿರಲಿಲ್ಲ.

ಹೊಳೆಯ ಮೇಲೆ ಮಾತು ಚೆನ್ನಾಗಿ ಕೇಳಿಸುತ್ತದೆ. "ಏ, ಬಾಗ್ತೀನಿ ನಾ! ಏನರ ಹಿಡ್ಕೋ!" ಎಂದಳು ಅವ್ವ. ಅಪ್ಪನಿಗೆ, ನೇರ. ಮಧ್ಯೆ ಯಾರೂ ಇರಲಿಲ್ಲ.

ಅಪ್ಪ ಹುಟ್ಟನ್ನು ಹರಿಗೋಲಿನ ಅಂಚಿಗೆ ಅಡ್ಡ ಹಾಕಿ, ಅದನ್ನೂ ಅಂಚನ್ನೂ ಕೂಡಿಸಿ ಎರಡು ಕೈಯಿಂದ ಹಿಡಿದು, ಎದೆಯನ್ನು ಅದರ ಮೇಲೆ ಒರಗಿಸಿದ. ಕಟ್ಟಿಗೆಗೆ ಬಗಲು ಕೊಟ್ಟ ಗೋಸಾಯಿಯ ಹಾಗೆ. ಅವ್ವ ಬಾಗಿದಳು. ಹುಟ್ಟು ಹಾಕುವವರಿಲ್ಲದೆ ಹರಿಗೋಲು ಗಿರಗಿರ ತಿರುಗುತ್ತ ಸೆಳೆತಕ್ಕೆ ಸಿಕ್ಕು ಕೆಳಕ್ಕೆ ಹೊರಟಿತು. ಚಿಕ್ಕಪ್ಪ ದಡಗುಂಟ ಓಡತೊಡಗಿದ. ಅವ್ವ ಅವಸರ ಮಾಡಲಿಲ್ಲ. ಖಣ, ಬಳೆ, ಅಕ್ಕಿ, ಎಲೆ ಅಡಿಕೆ ಒಂದೊಂದಾಗಿ ನೀರಿಗೆ ಬಿಟ್ಟು, ಕೈಮುಗಿದು, ಮತ್ತೆ ಹಿಂದಕ್ಕೆ ಸರಿದು ಬೆನ್ನು ಕೊಟ್ಟಳು.

"ಹೂಂ, ಹಾಕು," ಎಂದಳು.

ಆಚೆ ದಡ ಮುಟ್ಟಿದರು. ಆದರೆ ಮುಟ್ಟಬೇಕಾದ ಜಾಗದಿಂದ ಎಷ್ಟೋ ಕೆಳಗೆ, ಜಾಲಿಯ ಮುಳ್ಳಿನಲ್ಲಿ. ಅಲ್ಲಿಂದ ಹರಿಗೋಲನ್ನು ಇಬ್ಬರೂ ದಂಡೆಗುಂಟ ಜಗ್ಗಿಕೊಂಡು ಮೇಲೆ ಬಂದು, ಮರಳಿ ದಾಟಿ ಈಚೆ ಬರುವ ಹೊತ್ತಿಗೆ ಬಿಸಿಲು ತಲೆಯ ಮೇಲಿತ್ತು. ಅವ್ವನ ಸೀರೆ ಹರಿದಿತ್ತು. ಅಪ್ಪನಿಗೆ ಎದ್ದು ನಿಲ್ಲಲು ಬರಲಿಲ್ಲ; ಚಿಕ್ಕಪ್ಪ ಕಂಕುಳಿಗೆ ಕೈ ಹಾಕಿ ಎತ್ತಿದ. ಆದರೆ ಆ ವರ್ಷದ ದಡ ಅಪ್ಪನದಾಯಿತು. ಯಾರೂ ಇಲ್ಲವೆನ್ನಲಿಲ್ಲ.

ಕಷ್ಟ ಮುಗಿಯಿತೆಂದು ತಿಳಿದರೆ ತಪ್ಪು. ದಿನಾ ದಾಟಿಸಲು ದಿನಾ ಒಂದು ಬೆನ್ನು ಬೇಕು. ಅವ್ವ, "ನಿಮ್ಮಪ್ಪಗ ಹೇಳು, ರೊಟ್ಟಿ ಬಡ್ಯೋರು ಯಾರು?" ಎಂದು ಮರುದಿನವೇ ಕೈಕೊಟ್ಟಳು. ಚಮನಬೀ, "ನನ್ನ ಬೆನ್ನು ಬಳಿ ಹೊರಾಕಷ್ಟ ಅಣ್ಣಾ," ಎಂದಳು. ಕಡೆಗೆ ಚಿಕ್ಕಪ್ಪನೇ ಹಿಂದೆ ಕೂತ. ಅಣ್ಣತಮ್ಮಂದಿರು ಬೆನ್ನಿಗೆ ಬೆನ್ನು ಹಚ್ಚಿ, ಒಬ್ಬರ ಮುಖ ಒಬ್ಬರು ನೋಡದೆ, ಈ ದಡದಿಂದ ಆ ದಡದ ತನಕ ಜಗಳವಾಡುತ್ತ ದಾಟಿಸುತ್ತಿದ್ದರು. "ನೆಟ್ಟಗ ಕುಂದ್ರಲೇ, ಗ್ವಾಡಿನೇ ಚಲೋ ಇತ್ತು," ಎಂದು ಅಪ್ಪ. "ಹಂಗಾರ ಗ್ವಾಡಿನೇ ತಂದು ಇಟ್ಕೋ," ಎಂದು ಚಿಕ್ಕಪ್ಪ. ಬೆಳಿಗ್ಗೆ ಎದ್ದು ಅಪ್ಪ ಮತ್ತೆ ತೊಲೆಯ ಕೆಳಗೆ. ನಾನು ಹೊರಡುವ ಹೊತ್ತಿಗೂ ಗೋಡೆಯಿಂದ ಗೇಣು ಈಚೆ ಕೂತು, ನಾವು ಹೂಂ ಎನ್ನುವುದರೊಳಗೆ ಬೀಳುತ್ತಿದ್ದ.

ಶ್ರಾವಣ ಮುಗಿದ ಮೇಲೆ ನನ್ನನ್ನು ಕರೆದೊಯ್ಯಲು ಸುರಪುರದಿಂದ ಬಂಡಿ ಬಂತು. ಗಂಟು ಕಟ್ಟುವಾಗ ಗೂಟ ನೋಡಿದೆ, ಬರಿದು.

"ಯಪ್ಪ, ಅರಬಿ ಕೊಡು. ನನ್ನ ಹೊಟ್ಟಿ ಇನ್ನಾ ಸಡ್ಲೈತಿ."

"ನಿನಗ ಮಾಸ್ತರ ಹೊಸಾದು ತರ್ತಾನ," ಎಂದ, ಬಟ್ಟೆಯ ತುದಿಯನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತ. "ಇದರ ಕೆಲಸ ಇನ್ನಾ ಮುಗದಿಲ್ಲ."

ಕಂಟ್ರೋಲಿನ ಕಾಲದಲ್ಲಿ ಮಾಸ್ತರರು ಎಲ್ಲಿಂದ ತರಬೇಕು? ಆದರೂ ಬಿಟ್ಟು ಬಂದೆ. ಕೂಸನ್ನು ಅವನ ಮುಖಕ್ಕೆ ಹಿಡಿದೆ. ಅವನು ಕೈ ಬಿಡುವಂತಿರಲಿಲ್ಲ, ಹಣೆಯಿಂದ ಅದರ ಹೊಟ್ಟೆಗೆ ಗುದ್ದಿದ. ಬಂಡಿ ಓಣಿಯ ತಿರುವು ತಿರುಗುವ ಮೊದಲೇ ಹಿಂದಿನಿಂದ ಆ ಸದ್ದು ಕೇಳಿಸಿತು. ಕೂಸು ಬೆಚ್ಚಿತು, ಅಳಲಿಲ್ಲ, ಅದಕ್ಕೆ ರೂಢಿಯಾಗಿತ್ತು. ಅದರ ಹಿಂದೆಯೇ ಅವ್ವನ ದನಿ. ಹೇಳಲು ನಾನು ಮನೆಯಲ್ಲಿರಲಿಲ್ಲವಲ್ಲ.

"ನೆಲ ಒಡ್ದಿ ನೋಡು. ಏಳು ಮ್ಯಾಲ. ತಡಿ, ಬಂದೆ."